ಮೂರು ಪಟ್ಟೆಯ ಅಚ್ಚು

ಆ ಚಳಿಗಾಲದಲ್ಲಿ ಬಂಗಾರಮ್ಮ ರೊಟ್ಟಿ ತಟ್ಟುವಾಗ ಎಡಗೈಯ ಎರಡು ಬೆರಳನ್ನು ಹಿಟ್ಟಿಗೆ ತಾಗದಂತೆ ಎತ್ತಿ ಹಿಡಿಯುತ್ತಿದ್ದಳು. ಎರಡರ ಉಗುರೂ ಕಪ್ಪಾಗಿತ್ತು. ಒಂದು ಬುಡದಿಂದ ಅಲುಗಾಡುತ್ತಿತ್ತು. ರೊಟ್ಟಿ ಒಂದು ಕಡೆ ತೆಳ್ಳಗೆ, ಇನ್ನೊಂದು ಕಡೆ ದಪ್ಪ ಬರುತ್ತಿತ್ತು.

"ಈ ಕಡೆ ಬೆಂದೇ ಇಲ್ಲ," ಎಂದ ಮಾವ ಉಜ್ಜನಪ್ಪ, ರೊಟ್ಟಿ ಮುರಿದು ನೋಡುತ್ತ.

"ಬೆಂದಿರೋ ಕಡೆಯಿಂದ ತಿನ್ನಿ," ಎಂದಳು ಅವನ ಹೆಂಡತಿ ವೀರಮ್ಮ. "ಸೊಸೆ ಬೆರಳನ್ನ ಮಿಷನ್ನಿಗೆ ಕೊಟ್ಟು, ಒಲೆ ಮುಂದೆ ದುಂಡನೆ ರೊಟ್ಟಿ ಕೇಳಿದ್ರೆ ಎಲ್ಲಿಂದ ತರ್ಲಿ?"

"ನೀನೂ ಅಷ್ಟು ವರ್ಷ ಅಚ್ಚು ಹಿಡಿದೆ. ನಿನ್ನ ಬೆರಳೆಲ್ಲ ಇದಾವಲ್ಲ."

"ನಂದು ಮರದ ಅಚ್ಚು. ಮರ ಕಚ್ಚುತ್ತಾ?"

ವೀರಮ್ಮನ ಮಗಳು ರಾಜಿ ಕಿಸಕ್ಕನೆ ನಕ್ಕಳು. ಆಗಷ್ಟೇ ಸೀರೆ ಉಡಲು ಶುರುಮಾಡಿದ್ದ ಹುಡುಗಿ. ಹೆಸರು ಬಸವರಾಜೇಶ್ವರಿ ಎಂದಿದ್ದರೂ ಮನೆಯಲ್ಲಿ ಅಷ್ಟುದ್ದ ಕರೆಯುವ ಪುರುಸೊತ್ತು ಯಾರಿಗೂ ಇರಲಿಲ್ಲ. ಬಂಗಾರಮ್ಮ ಒಲೆಯ ಕಡೆ ಮುಖ ಮಾಡಿಯೇ ಇದ್ದಳು. ಮದುವೆಯಾಗಿ ಬಂದಾಗಿನಿಂದ ಮಾವನ ಎದುರು ನಿಂತು ಮಾತಾಡಿದವಳಲ್ಲ. ಏನಿದ್ದರೂ ಅತ್ತೆಗೆ ಹೇಳಬೇಕು, ಅತ್ತೆ ಮಾವನಿಗೆ ಹೇಳಬೇಕು.

ಇಟ್ಟಿಗೆ ಗೂಡು ಇದ್ದದ್ದು ಶಿವಮೊಗ್ಗೆಯ ಹೊರಗೆ ಆಲ್ಕೊಳದಲ್ಲಿ, ಮನೆಯ ಹಿಂದೆಯೇ. ಕೆರೆಯ ಮಣ್ಣು, ತೋಪಿನ ಸೌದೆ. ಉಜ್ಜನಪ್ಪನ ಅಪ್ಪ ಶುರುಮಾಡಿದ ಕಸುಬು ಅದು. ಪ್ರತಿ ಇಟ್ಟಿಗೆಯ ಮೈಮೇಲೂ ವಿಭೂತಿಯ ಹಾಗೆ ಮೂರು ಅಡ್ಡ ಪಟ್ಟೆ ಮೂಡಬೇಕು ಎಂದು ಕಟ್ಟಳೆ ಮಾಡಿದವನು ಆ ಮುದುಕ. ಪಟ್ಟೆ ಕೊರೆದ ಹಲಗೆಯನ್ನು ಲಿಂಗ ಕಟ್ಟಿದ ಕೈ ಮಾತ್ರ ಮುಟ್ಟಬೇಕು ಎಂದವನೂ ಅವನೇ. ಮಣ್ಣು ತುಳಿಯಲು, ಹೊರಲು, ಗೂಡು ಸುಡಲು ಯಾವ ಜಾತಿಯವರಾದರೂ ಆಗುತ್ತಿತ್ತು. ಅಚ್ಚಿಗೆ ಎಣ್ಣೆ ಸವರಿ ಇಟ್ಟಿಗೆ ಬಿಡಿಸುವ ಕೈ ಮಾತ್ರ ಮನೆಯದು. ಆ ಕೆಲಸ ಅತ್ತೆಯಿಂದ ಸೊಸೆಗೆ ಬರುತ್ತಿತ್ತು, ದೇವರ ದೀಪ ಹಚ್ಚುವ ಕೆಲಸದ ಹಾಗೆ.

ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ ಏಳುವ ಸುದ್ದಿ ಬಂದ ಮೇಲೆ ಉಜ್ಜನಪ್ಪ ಮರದ ಅಚ್ಚುಗಳನ್ನು ಅಟ್ಟಕ್ಕೆ ಹಾಕಿ, ಕೈಯಿಂದ ಒತ್ತುವ ಕಬ್ಬಿಣದ ಮಿಷನ್ ತರಿಸಿದ. ಕಾಲುಗಳ ಮೇಲೆ ನಿಂತ ಒಂದು ಪೆಟ್ಟಿಗೆ, ಅದಕ್ಕೊಂದು ಮುಚ್ಚಳ, ಉದ್ದನೆಯ ಒಂದು ಹಿಡಿ. ಮಣ್ಣು ತುಂಬಿ, ಮುಚ್ಚಿ, ಹಿಡಿ ಎಳೆದರೆ ತಳದ ಹಲಗೆ ಮೇಲೆದ್ದು ಒತ್ತುತ್ತದೆ. ಮುಚ್ಚಳ ತೆಗೆದು ಮತ್ತೆ ಎಳೆದರೆ ಅದೇ ಹಲಗೆ ಇಟ್ಟಿಗೆಯನ್ನು ಪೆಟ್ಟಿಗೆಯ ಬಾಯಿಗಿಂತ ಮೇಲಕ್ಕೆ ಎತ್ತಿ ಕೊಡುತ್ತದೆ. ಆ ಹಲಗೆಯ ಮೇಲೂ ಮೂರು ಪಟ್ಟೆ ಕೊರೆಸಿದ್ದ. ಇಟ್ಟಿಗೆ ಪಟ್ಟೆಯನ್ನು ಕಚ್ಚಿಕೊಂಡು ಕೂರುತ್ತಿತ್ತು. ಆಗ ಬಂಗಾರಮ್ಮ ಹಲಗೆಯ ಅಂಚಿನ ಕೆಳಗೆ ಬೆರಳು ತೂರಿಸಿ ಅಲುಗಿಸಿ ಬಿಡಿಸಬೇಕು. ಅಷ್ಟು ಹೊತ್ತೂ ಹಲಗೆ ನಿಂತಿರುತ್ತಿದ್ದುದು ಹಿಡಿ ಎಳೆಯುವ ಆಳು ಕೃಷ್ಣಪ್ಪನ ತೋಳಿನ ಬಲದ ಮೇಲೆ. ಅವನ ಕೈ ಸ್ವಲ್ಪ ಸಡಿಲವಾದರೂ ಹಲಗೆ ಕೆಳಗಿಳಿದು ಬೆರಳು ಪೆಟ್ಟಿಗೆಯ ಅಂಚಿಗೆ ಸಿಕ್ಕುತ್ತಿತ್ತು. ಉಗುರು ಕಪ್ಪಾಗಿದ್ದು ಹಾಗೆ.

ಮರದ ಅಚ್ಚಿನ ಕಟ್ಟಳೆ ಕಬ್ಬಿಣಕ್ಕೂ ಬಂತು. ಬರಬೇಕೋ ಬೇಡವೋ ಎಂದು ಯಾರೂ ಕೂತು ಮಾತಾಡಲಿಲ್ಲ.

ಮಗ ಗಂಗಾಧರ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಪ್ಯಾಟರ್ನ್ ಶಾಪಿನ ಕೆಲಸಗಾರ. ಎರಕ ಹೊಯ್ಯುವ ಮೊದಲು ಬೇಕಾಗುವ ಮರದ ಮಾದರಿಗಳನ್ನು ಕೆತ್ತುವುದು ಅವನ ಕೆಲಸ. ಶನಿವಾರ ಸಂಜೆಯ ರೈಲಿಗೆ ಬಂದು ಸೋಮವಾರ ಬೆಳಗಿನ ರೈಲಿಗೆ ಹೋಗುತ್ತಿದ್ದ. ಮಾತು ಕಡಿಮೆ. ಅಪ್ಪನ ಜೊತೆ ಇನ್ನೂ ಕಡಿಮೆ.

ಒಂದು ಭಾನುವಾರ ಹಿತ್ತಲ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದ ಹೆಂಡತಿಯ ಎಡಗೈಯನ್ನು ಹಿಡಿದು ನೋಡಿದ.

"ಬಿಡಿ, ಯಾರಾದ್ರೂ ಬಂದಾರು," ಎಂದಳು.

"ನೋವಿದೆಯಾ?"

"ಅವರೆಕಾಯಿ ಸುಲಿಯೋಕೆ ಇಲ್ಲ. ರೊಟ್ಟಿಗಿದೆ." ಕೈ ಬಿಡಿಸಿಕೊಂಡು ಅವಳೇ ಹೇಳಿದಳು: "ನಮ್ಮೂರ ಆಲೆಮನೇಲಿ ಬೆಲ್ಲದ ಅಚ್ಚು ನೋಡಿದೀರಲ್ಲ? ಬಾಯಿ ಅಗಲ, ತಳ ಚಿಕ್ಕದು. ಬೋರಲು ಹಾಕಿ ತಟ್ಟಿದ್ರೆ ಬೆಲ್ಲ ತಾನೇ ಬೀಳುತ್ತೆ. ಯಾರೂ ಬೆರಳು ಹಾಕಲ್ಲ. ನಿಮ್ಮ ಮಿಷನ್ನಿನದು ನೆಟ್ಟಗೆ ಇದೆ. ಆ ಪಟ್ಟೆಗಳೂ ನೆಟ್ಟಗೆ. ಮಣ್ಣು ಹೇಗೆ ಬಿಡುತ್ತೆ?"

ಗಂಗಾಧರ ಎದ್ದುಹೋಗಿ ಮಿಷನ್ನಿನ ಹಲಗೆಯ ಮೇಲೆ ಹೆಬ್ಬೆರಳು ಎಳೆದು ನೋಡಿ ಬಂದ. "ನಾವು ಮಾದರಿ ಕೆತ್ತುವಾಗ ಎಲ್ಲಾ ಕಡೆ ಇಳಿಜಾರು ಬಿಡ್ತೀವಿ. ಇಲ್ದಿದ್ರೆ ಮರಳಿನಿಂದ ಮೇಲೆ ಬರಲ್ಲ. ದಿನಾ ಮಾಡೋ ಕೆಲಸ. ಮನೇದು ನೋಡ್ಲೇ ಇಲ್ಲ."

"ಹಾಗಾದ್ರೆ ಮಾವಂಗೆ ಹೇಳಿ."

"ಪಟ್ಟೆ ವಿಷಯ ಎತ್ತಿದ್ರೆ ವಿಭೂತಿ ಅಳಿಸ್ತೀಯಾ ಅಂತಾರೆ. ಮೊದಲು ಮಾಡಿ ತೋರಿಸ್ತೀನಿ."

ಕೆಲವು ವಾರ ಅವನು ಊಟಕ್ಕೂ ಸರಿಯಾಗಿ ಕೂರಲಿಲ್ಲ. ಭದ್ರಾವತಿಯ ಹಳೇ ಪೇಟೆಯಲ್ಲಿ ಒಬ್ಬ ತಮಿಳಿನವನ ಸಣ್ಣ ಎರಕದ ಶೆಡ್ಡಿತ್ತು. ಅಲ್ಲಿ ಹೊಸ ಪೆಟ್ಟಿಗೆ, ಹೊಸ ಹಲಗೆ ಹೊಯ್ಸಿದ. ಪೆಟ್ಟಿಗೆ ಮೇಲಕ್ಕೆ ಹೋದಂತೆ ಕಣ್ಣಿಗೆ ಕಾಣದಷ್ಟು ಅಗಲ. ಹಲಗೆ ನುಣ್ಣಗೆ, ಗಾಳಿ ಆಡಲಿ ಎಂದು ಎರಡು ಸಣ್ಣ ತೂತು. ಮಿಷನ್ನಿಗೆ ಕೂರಿಸಿ ಮೊದಲ ಇಟ್ಟಿಗೆ ಒತ್ತಿದಾಗ ಅದು ಮೇಲೆದ್ದು ತಾನಾಗಿ ಸಡಿಲವಾಗಿ ನಿಂತಿತು. ಬಂಗಾರಮ್ಮ ಎರಡು ತುದಿಗೆ ಅಂಗೈ ಕೊಟ್ಟು ಎತ್ತಿಕೊಂಡಳು.

"ಬಂಗಾರಕ್ಕ, ಮಿಷನ್ನು ಇವತ್ತು ಬಾಯಿ ತೊಳ್ಕೊಂಡಿದೆ," ಎಂದ ಕೃಷ್ಣಪ್ಪ.

ಉಜ್ಜನಪ್ಪ ಇಟ್ಟಿಗೆಯನ್ನು ತಿರುಗಿಸಿ ನೋಡಿದ. "ಪಟ್ಟೆ ಎಲ್ಲಿ?"

"ಆಮೇಲೆ ಹಾಕೋಣ, ಅಪ್ಪ. ಮೊದಲು ಹೇಗೆ ಬರುತ್ತೆ ನೋಡೋಣ."

"ಚೆನ್ನಾಗಿ ಬಂದಿದೆ ಮಾರಾಯ. ಮೂಲೆ ನೋಡು, ಒಂದೂ ಮುರಿದಿಲ್ಲ." ಉಜ್ಜನಪ್ಪ ಮಗನನ್ನು ಹೊಗಳಿದ್ದು ಅಪರೂಪ. ಗಂಗಾಧರನಿಗೆ ಆ ಹೊತ್ತಿನಲ್ಲಿ ಉಳಿದ ಮಾತು ಆಡಲು ಬಾಯಿ ಬರಲಿಲ್ಲ. ಮೊದಲ ಬೋಳು ಇಟ್ಟಿಗೆಗಳು ಒಣಗಿ, ಸುಟ್ಟು ಬಂದ ಮೇಲೆ ಒಂದು ಸೋಮವಾರ ಹೊರಡುವಾಗ ಹೆಂಡತಿಗೆ ಮಾತ್ರ ಹೇಳಿದ: "ಪಟ್ಟೆಗೂ ದಾರಿ ಇದೆ. ಅಂಚನ್ನ ಅರದಿಂದ ಉಜ್ಜಿ ಇಳಿಜಾರು ಮಾಡಿದ್ರೆ ಪಟ್ಟೆಯೂ ಬೀಳುತ್ತೆ, ಮಣ್ಣೂ ಬಿಡುತ್ತೆ. ಬರೋ ಭಾನುವಾರ ನಾನೇ ಮಾಡ್ತೀನಿ."

ಆ ದಿನಗಳಲ್ಲಿ ರೊಟ್ಟಿ ಎಲ್ಲಾ ಕಡೆ ಒಂದೇ ಸಮ ಬಂತು.

ವಾರದ ನಡುವೆ ಉಜ್ಜನಪ್ಪ ಇಟ್ಟಿಗೆ ಗಾಡಿಗಳ ಜೊತೆ ಭದ್ರಾವತಿಗೆ ಹೋದ. ಕೆಲಸಗಾರರ ಮನೆಗಳನ್ನು ಕಟ್ಟಿಸುತ್ತಿದ್ದ ಗುತ್ತಿಗೆದಾರನ ಅಂಗಳದಲ್ಲಿ ಇನ್ನೊಬ್ಬರ ಗೂಡಿನ ಇಟ್ಟಿಗೆಯೂ ಬಿದ್ದಿತ್ತು. ಅರ್ಧಂಬರ್ಧ ಸುಟ್ಟದ್ದು, ಮುಟ್ಟಿದರೆ ಪುಡಿ. ಗುತ್ತಿಗೆದಾರನ ಮೇಸ್ತ್ರಿ ಎರಡೂ ಕಡೆಯಿಂದ ಒಂದೊಂದು ಎತ್ತಿ ತೋರಿಸಿ, ಇದೂ ಬೋಳು, ಅದೂ ಬೋಳು, ಯಾವುದು ಯಾರದ್ದು ಅಂತ ನಾನೆಲ್ಲಿ ಹೇಳಲಿ ಎಂದ. ಉಜ್ಜನಪ್ಪ ಮೈಯೆಲ್ಲ ಧೂಳಾಗಿ ಮನೆಗೆ ಬಂದು ಕಾಲು ತೊಳೆಯದೆ ಜಗಲಿಯ ಮೇಲೆ ಕೂತ.

"ನನ್ನ ಇಟ್ಟಿಗೇನ ನಾನೇ ಗುರುತು ಹಿಡಿಯೋಕಾಗ್ಲಿಲ್ಲ," ಎಂದ. "ಅಪ್ಪ ಸತ್ತಮೇಲೆ ಇಂಥ ದಿನ ಬಂದಿರ್ಲಿಲ್ಲ."

"ಮೊದಲು ಊಟ ಮಾಡಿ," ಎಂದಳು ವೀರಮ್ಮ.

ಮುದ್ದೆ ಮುರಿಯುತ್ತ ಅವನೇ ಮುಂದುವರಿಸಿದ. "ಗಂಗಾಧರಂಗೆ ಪಟ್ಟೆ ಕೊರೆಯೋಕೆ ಪುರುಸೊತ್ತಾಗಿಲ್ಲ, ಪಾಪ. ನಾಳೆ ಕಮ್ಮಾರನ್ನ ಕರೆಸ್ತೀನಿ."

ಒಳಗೆ ಸಾರು ಬಡಿಸಲು ಬಗ್ಗಿದ್ದ ಬಂಗಾರಮ್ಮ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. ವೀರಮ್ಮ ಒಳಗೆ ಬಂದಾಗ ಅವಳ ಸೆರಗು ಹಿಡಿದಳು.

"ಅತ್ತೆ, ಪಟ್ಟೆ ಕೊರೆದ್ರೆ ಮತ್ತೆ ಕಚ್ಚುತ್ತೆ. ಅವರು ಭಾನುವಾರ ಅಂಚು ಉಜ್ಜಿ ಮಾಡ್ತೀನಿ ಅಂದಿದ್ರು. ಮಾವಂಗೆ ಹೇಳಿ."

"ನಿನ್ನ ಗಂಡ ಯಾಕೆ ಹೇಳ್ಲಿಲ್ಲ?"

ಬಂಗಾರಮ್ಮ ಸೆರಗು ಬಿಟ್ಟು ಮಜ್ಜಿಗೆಯ ಪಾತ್ರೆಯನ್ನು ಅವಳ ಕೈಗೆ ಕೊಟ್ಟಳು.

ವೀರಮ್ಮ ಹೊರಗೆ ಹೋಗಿ ಮಜ್ಜಿಗೆ ಬಡಿಸುತ್ತ, "ಭಾನುವಾರದವರೆಗೆ ತಡೀರಿ. ಮಗ ಬಂದು ಮಾಡ್ತಾನಂತೆ," ಎಂದಳು.

"ಅಲ್ಲೀವರೆಗೆ ಮಿಷನ್ನು ನಿಲ್ಸೋಕಾಗಲ್ಲ. ಅವನು ಬಂದು ಮಾಡೋದನ್ನ ನಾನೇ ಮಾಡಿಸಿಟ್ಟಿರ್ತೀನಿ. ವಾರ ಪೂರ್ತಿ ಅಲ್ಲಿ ದುಡೀತಾನೆ. ಒಂದು ಭಾನುವಾರ ಆದ್ರೂ ಮಲ್ಕೊಳ್ಳಲಿ."

ವೀರಮ್ಮ ಇನ್ನೊಂದು ಮಾತು ಹೇಳುವವಳಿದ್ದಳು. ಪಟ್ಟೆಯೇ ಬೆರಳು ತಿನ್ನೋದು ಎಂದರೆ ಈ ಹೊತ್ತಿನಲ್ಲಿ ಕೂಗಾಟವಾಗುತ್ತದೆ. ಮಗ ಬಂದರೆ ಅವನದನ್ನು ಅವನೇ ಹೇಳಿಕೊಳ್ಳಲಿ. ಮಜ್ಜಿಗೆಯ ಪಾತ್ರೆ ಎತ್ತಿಕೊಂಡು ಒಳಗೆ ಬಂದಳು.

"ಹೇಳಿದ್ರಾ?" ಎಂದಳು ಬಂಗಾರಮ್ಮ.

"ಹೇಳ್ದೆ. ಕೇಳಲ್ಲ. ಎರಡು ದಿನ ನೋಡ್ಕೊಂಡು ಮಾಡು, ಮಾರಾಯ್ತಿ."

ಕಮ್ಮಾರ ಉಳಿ ಇಟ್ಟು ಹೊಡೆದು ಹೊಸ ಹಲಗೆಯ ಮೇಲೆ ಮೂರು ಪಟ್ಟೆ ಕೊರೆದ. ಹಳೆಯ ಹಲಗೆಯ ಪಟ್ಟೆಗಳು ಸವೆದು ನಯವಾಗಿದ್ದವು. ಇವು ಹಸಿ ಹಸಿ, ಅಂಚಿಗೆ ಗರಗಸದಂಥ ಹಲ್ಲು. ಉಜ್ಜನಪ್ಪ ಒದ್ದೆ ಬಟ್ಟೆಯಿಂದ ಹಲಗೆ ಒರೆಸಿ, ವಿಭೂತಿ ಹಚ್ಚಿ, ಕೈ ಮುಗಿದ.

ಇಟ್ಟಿಗೆಗಳು ಮೂರು ಪಟ್ಟೆ ಹೊತ್ತು ಬಂದವು. ಮೊದಲಿಗಿಂತ ಗಟ್ಟಿಯಾಗಿ ಕಚ್ಚಿಕೊಂಡೂ ಬಂದವು. ಬಂಗಾರಮ್ಮನ ಬೆರಳು ಮತ್ತೆ ಹಲಗೆಯ ಕೆಳಗೆ ಹೋಯಿತು. ಒಂದು ಬಾರಿ, "ಅಕ್ಕಾ, ಬೇಗ ತಗೀರಿ, ನನ್ನ ತೋಳೇನು ಕಬ್ಬಿಣದ್ದಾ?" ಎಂದು ಕೃಷ್ಣಪ್ಪ ನಕ್ಕ. ಅವಳೂ ನಕ್ಕಳು. ಮಾರನೆಯ ದಿನ ಮಧ್ಯಾಹ್ನ, ಊಟಕ್ಕೆ ಏಳುವ ಮೊದಲಿನ ಇಟ್ಟಿಗೆಗೆ, ಹೊಂಗೆ ಎಣ್ಣೆ ಮೆತ್ತಿದ್ದ ಹಿಡಿ ಅವನ ಅಂಗೈಯಿಂದ ಜಾರಿತು.

ಒಳಗಿದ್ದ ರಾಜಿಗೆ ಕೇಳಿಸಿದ್ದು ಕೃಷ್ಣಪ್ಪನ ಕೂಗು. ಬಂಗಾರಮ್ಮ ಕೂಗಲಿಲ್ಲ. ಹಿಡಿಯನ್ನು ಮತ್ತೆ ಎಳೆದು ಹಲಗೆ ಎತ್ತುವವರೆಗೂ ಅವಳು ಮಿಷನ್ನಿಗೆ ಹಣೆ ಕೊಟ್ಟು ನಿಂತೇ ಇದ್ದಳು. ಅರಿಸಿನ ಮೆತ್ತಿದ ಹಳೇ ಸೀರೆಯಲ್ಲಿ ಕೈ ಸುತ್ತಿ, ಇಟ್ಟಿಗೆಗೆ ಹೂಡಿದ್ದ ಗಾಡಿಯಲ್ಲೇ ಪೇಟೆಯ ಆಸ್ಪತ್ರೆಗೆ ಒಯ್ದರು. ಎಡಗೈಯ ಕಿರುಬೆರಳು, ಅದರ ಪಕ್ಕದ್ದು, ನಡುವಿನದು ಉಳಿಯಲಿಲ್ಲ.

ಸಂಜೆ ಕೃಷ್ಣಪ್ಪ ಜಗಲಿಯ ಕೆಳಗೆ ಬಂದು ನಿಂತ.

"ನಾಳೆಯಿಂದ ಬರ್ಬೇಡ," ಎಂದ ಉಜ್ಜನಪ್ಪ.

"ಕೈ ಜಾರಿದ್ದು ನಿಜ, ಯಜಮಾನ್ರೇ. ಆದ್ರೆ ಅಕ್ಕನ ಬೆರಳು ಅಲ್ಲಿ ಯಾಕಿತ್ತು ಅಂತ..."

"ಮಾತು ಬೇಡ. ಹೋಗು."

ಕೃಷ್ಣಪ್ಪ ವೀರಮ್ಮನ ಕಡೆ ನೋಡಿದ. ವೀರಮ್ಮ ಬಾಗಿಲ ಚಿಲಕ ನೋಡುತ್ತಿದ್ದಳು. ಅವನು ಟವಲನ್ನು ಹೆಗಲಿಗೆ ಹಾಕಿಕೊಂಡು ಹೋದ.

ಗಂಗಾಧರ ಬಂದವನು ಆಸ್ಪತ್ರೆಗೆ ಹೋಗಿ, ಅಲ್ಲಿಂದ ನೇರ ಹಿತ್ತಲಿಗೆ ಹೋಗಿ ಮಿಷನ್ನಿನ ಮುಂದೆ ಕೂತ. ಹೆಬ್ಬೆರಳಿನಿಂದ ಮೂರು ಪಟ್ಟೆಯನ್ನೂ ಎಳೆದು ನೋಡಿದ. ಮೂರನೆಯದರ ಅಂಚಿಗೆ ಚರ್ಮ ಸೀಳಿತು.

ಉಜ್ಜನಪ್ಪ ಹಿಂದಿನಿಂದ ಬಂದು ನಿಂತ. ಒಂದೇ ದಿನದಲ್ಲಿ ಮುಖ ಇಳಿದುಹೋಗಿತ್ತು. "ನೀನು ಅಷ್ಟು ಚೆಂದ ಅಚ್ಚು ಮಾಡಿದ್ದೆ," ಎಂದ. "ಆ ಮುಂಡೇಮಗನಿಗೆ ಒಂದು ಹಿಡಿ ಗಟ್ಟಿಯಾಗಿ ಹಿಡಿಯೋಕಾಗ್ಲಿಲ್ಲ." ಬಗ್ಗಿ ಹಲಗೆ ನೋಡಿದ. "ಪಟ್ಟೆ ನಾನೇ ಹಾಕಿಸ್ದೆ. ಸರಿಯಾಗಿದೆಯಾ?"

"ಹೂಂ," ಎಂದ ಗಂಗಾಧರ.

ಅಡಿಗೆಮನೆಯಲ್ಲಿ ತಾಯಿ ಮಗನಿಗೆ ಜಗಳವಾಯಿತು. ಇಬ್ಬರೂ ದನಿ ಎತ್ತಲಿಲ್ಲ.

"ನೀನು ಅಲ್ಲೇ ಇದ್ದೆ, ಅವ್ವ. ಒಂದು ಮಾತು ಬಿಡಿಸಿ ಹೇಳೋಕಾಗ್ಲಿಲ್ವಾ?"

"ನಿನಗೂ ಬಾಯಿತ್ತಲ್ಲ. ಆಮೇಲೆ ಹಾಕೋಣ ಅಂದೋನು ನೀನು. ಅವರು ನಿನ್ನ ಕೆಲಸ ಮುಗಿಸ್ತೀನಿ ಅಂತ ಮುಗಿಸಿದ್ರು."

"ಈಗ ಹೋಗಿ ಹೇಳ್ತೀನಿ."

"ಏನಂತ? ನಿಮ್ಮ ಪಟ್ಟೆಯೇ ಸೊಸೆ ಬೆರಳು ತಿಂತು ಅಂತಲಾ? ಅವರು ನಿನ್ನೆಯಿಂದ ಒಂದು ತುತ್ತು ನುಂಗಿಲ್ಲ. ಇದನ್ನ ಕೇಳಿ ಆಮೇಲೆ ಬದುಕ್ತಾರಾ?" ಒಲೆಯ ಸೌದೆ ಹೊರಗೆಳೆದು ನೀರು ಎರಚಿದಳು. "ಆಗಿದ್ದು ಆಗಿದೆ. ಕೃಷ್ಣಪ್ಪನ ಮೇಲೇ ಇರ್ಲಿ."

ಗಂಗಾಧರ ರಜೆ ಹಾಕಿ ಮನೆಯಲ್ಲೇ ಉಳಿದ. ಊಟದ ಹೊತ್ತಿಗೆ ತಟ್ಟೆ ಸರಿಸುವ ಸದ್ದು ಮಾತ್ರ ಕೇಳುತ್ತಿತ್ತು. ರೊಟ್ಟಿ ಈಗ ರಾಜಿ ತಟ್ಟುತ್ತಿದ್ದಳು. ಬೆಂದಿದೆಯೋ ಇಲ್ಲವೋ ಯಾರೂ ಹೇಳಲಿಲ್ಲ.

ಬಂಗಾರಮ್ಮ ಮನೆಗೆ ಬಂದು, ಬ್ಯಾಂಡೇಜು ಬಿಚ್ಚಿದ ಮೇಲೆ, ಒಂದು ಬೆಳಿಗ್ಗೆ ಸ್ನಾನ ಮಾಡಿ ಪೂಜೆಗೆ ಕೂತಳು. ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯ ಮೇಲಿಟ್ಟಳು. ಅಂಗೈಗೆ ಆ ಕಡೆ ಈಗ ತಡೆ ಇರಲಿಲ್ಲ. ಲಿಂಗ ಉರುಳಿ ಮಡಿಲಿಗೆ ಬಿತ್ತು. ವೀರಮ್ಮನ ಕೈ ತಾನಾಗಿ ಮುಂದೆ ಹೋಗಿ ಅರ್ಧದಲ್ಲಿ ನಿಂತಿತು. ಇನ್ನೊಬ್ಬರ ಲಿಂಗ ಮುಟ್ಟುವಂತಿಲ್ಲ. ಬಂಗಾರಮ್ಮ ಮತ್ತೆ ಇಟ್ಟಳು. ಮತ್ತೆ ಉರುಳಿತು. ಬಲಗೈಯಿಂದ ಒತ್ತಿ ಹಿಡಿದುಕೊಂಡಳು. ಆಗ ಪತ್ರೆ ಏರಿಸಲು ಕೈ ಇರಲಿಲ್ಲ. ಹಾಗೇ ಎಷ್ಟೋ ಹೊತ್ತು ಕೂತು, ಲಿಂಗವನ್ನು ಕರಡಿಗೆಗೆ ಇಟ್ಟು ಎದ್ದಳು.

ಪೂಜೆಯಾಗದೆ ಬಾಯಿಗೆ ನೀರೂ ಹಾಕದ ಮನೆ ಅದು. ಹೊರಗಿನಿಂದ ಉಜ್ಜನಪ್ಪ ಕೇಳಿದ: "ಸೊಸೆ ಪೂಜೆ ಆಯ್ತಾ?"

ವೀರಮ್ಮ ತಟ್ಟೆಯ ಕಡೆ ನೋಡಿದಳು. ಪತ್ರೆ ಇಟ್ಟಲ್ಲೇ ಇತ್ತು.

"ಆಯ್ತು," ಎಂದಳು.

ಅದೇ ಬೆಳಿಗ್ಗೆ ಗುತ್ತಿಗೆದಾರನ ಆಳು ಬಂದು, ಇಟ್ಟಿಗೆ ಇಲ್ಲದೆ ಗಾರೆಯವರು ಕೂತಿದ್ದಾರೆ, ಆಗದಿದ್ದರೆ ಬೇರೆ ಗೂಡು ನೋಡುತ್ತೇವೆ ಎಂದು ಹೇಳಿ ಹೋದ. ಉಜ್ಜನಪ್ಪ ಹಿತ್ತಲಿಗೆ ಹೋಗಿ ಮಿಷನ್ನಿನ ಮೇಲಿದ್ದ ಗೋಣಿ ತೆಗೆದ.

"ಗಂಗಾಧರ, ಹಿಡಿಗೆ ನೀನೇ ನಿಲ್ಲು. ಹೊರಗಿನವರನ್ನ ಇನ್ನು ನಂಬಲ್ಲ." ಆಮೇಲೆ ಒಳಗಡೆಗೆ ಕೂಗಿದ: "ರಾಜಿ, ಕೈಕಾಲು ತೊಳ್ಕೊಂಡು ಬಾ. ಅಚ್ಚಿಗೆ ಎಣ್ಣೆ ಸವರು."

ರಾಜಿ ಸೆರಗು ಸಿಕ್ಕಿಸಿಕೊಂಡು ಬಂದಳು. ಗಂಗಾಧರ ಹಿಡಿಯ ಮೇಲೆ ಕೈಯಿಟ್ಟು ನೆಲ ನೋಡುತ್ತ ನಿಂತಿದ್ದ. ವೀರಮ್ಮ ಹಿತ್ತಲ ಬಾಗಿಲಿಗೆ ಬಂದಳು. ಗಂಡನನ್ನು ನೋಡಿದಳು, ಮಗನನ್ನು ನೋಡಿದಳು. ಬಾಯಿ ತೆರೆದವಳು ಸೆರಗಿನಿಂದ ಮುಚ್ಚಿಕೊಂಡಳು. ರಾಜಿ ಎಣ್ಣೆಯ ಬಟ್ಟೆ ಎತ್ತಿಕೊಂಡಳು.

"ಮಾವ."

ಆ ದನಿ ಉಜ್ಜನಪ್ಪನಿಗೆ ಗುರುತಾಗಲಿಲ್ಲ. ಬಂಗಾರಮ್ಮ ಅತ್ತೆಯನ್ನು ದಾಟಿ ಅಂಗಳಕ್ಕೆ ಇಳಿದಿದ್ದಳು. ತಲೆಯ ಮೇಲೆ ಸೆರಗು ಇತ್ತು. ಎಡಗೈಯನ್ನು ಮುಚ್ಚಿಕೊಂಡಿರಲಿಲ್ಲ.

"ರಾಜಿ ಬೇಡ, ಮಾವ. ಕೃಷ್ಣಪ್ಪಂದು ತಪ್ಪಲ್ಲ. ಪಟ್ಟೆ ಮಣ್ಣನ್ನ ಬಿಡಲ್ಲ. ಅದಕ್ಕೇ ಬೆರಳು ಹಾಕ್ಬೇಕು. ಬೋಳು ಹಲಗೆ ಇದ್ದಾಗ ಹಾಕ್ತಿರ್ಲಿಲ್ಲ."

ಉಜ್ಜನಪ್ಪ ಅವಳ ಕೈಯನ್ನು ನೋಡಿದ. ಮಗನ ಕಡೆ ತಿರುಗಿದ. "ನಿನಗೆ ಗೊತ್ತಿತ್ತಾ?"

ಗಂಗಾಧರ ತಲೆ ಎತ್ತಲಿಲ್ಲ.

"ನಿನಗೆ?"

ವೀರಮ್ಮ ಬಾಗಿಲಿಗೆ ಒರಗಿದಳು.

ಉಜ್ಜನಪ್ಪ ರಾಜಿಯ ಕೈಯಿಂದ ಎಣ್ಣೆಯ ಬಟ್ಟೆ ತೆಗೆದುಕೊಂಡ. "ಒಳಗೆ ಹೋಗು," ಎಂದ. ಪೆಟ್ಟಿಗೆಗೆ ಎಣ್ಣೆ ಸವರಿ, ಮಣ್ಣಿನ ಉಂಡೆ ಎತ್ತಿ ಹಾಕಿ, ಮುಚ್ಚಿದ.

"ಎಳಿ."

"ಬೇಡಪ್ಪ."

"ಎಳಿ ಅಂದೆ."

ಗಂಗಾಧರ ಎಳೆದ. ಮುಚ್ಚಳ ತೆಗೆದು ಮತ್ತೆ ಎಳೆದಾಗ ಇಟ್ಟಿಗೆ ಮೇಲೆ ಬಂತು. ಉಜ್ಜನಪ್ಪ ಎರಡು ಕಡೆಯಿಂದ ಅಂಗೈ ಒತ್ತಿ ಎತ್ತಲು ನೋಡಿದ. ಅಲುಗಲಿಲ್ಲ. ಎಡಗೈಯ ಬೆರಳುಗಳನ್ನು ಹಲಗೆಯ ಕೆಳಗೆ ತೂರಿಸಿದ. ಗಂಗಾಧರ ಎರಡೂ ಕೈಯಿಂದ ಹಿಡಿಯನ್ನು ಎದೆಗೆ ಅವಚಿಕೊಂಡ. ಅವನ ತೋಳು ನಡುಗುತ್ತಿದ್ದುದು ಹಲಗೆಯ ಮೂಲಕ ಅಪ್ಪನ ಬೆರಳಿಗೆ ತಿಳಿಯುತ್ತಿತ್ತು. ಇಟ್ಟಿಗೆ ಬಿಟ್ಟುಬಂತು. ಒಂದು ಮೂಲೆ ಹಲಗೆಯಲ್ಲೇ ಉಳಿಯಿತು.

"ಎಳಿ," ಎಂದ ಮತ್ತೆ.

ಎಷ್ಟು ಹೊತ್ತು ಹಾಗೆ ನಡೆಯಿತೋ. ಬಂಗಾರಮ್ಮ ಒಳಗೆ ಹೋಗಿ ಗಂಡನ ಚೀಲದಿಂದ ಅರ ಹುಡುಕಿ ತಂದಳು. ಇಬ್ಬರ ನಡುವೆ, ಪೆಟ್ಟಿಗೆಯ ಅಂಚಿನ ಮೇಲೆ ಇಟ್ಟಳು. ತಿರುಗಿ ಹೋದಳು.

ಉಜ್ಜನಪ್ಪ ಮಣ್ಣು ಮೆತ್ತಿದ ಕೈಯಲ್ಲಿ ಅದನ್ನು ಎತ್ತಿ ನೋಡಿದ.

"ಇದರಿಂದ ಪಟ್ಟೆ ಹೋಗುತ್ತಾ?"

"ಹೋಗಲ್ಲ, ಅಪ್ಪ. ಅಂಚು ಮಾತ್ರ ಉಜ್ಜೋದು. ಪಟ್ಟೆ ಬೀಳುತ್ತೆ, ಮಣ್ಣೂ ಬಿಡುತ್ತೆ."

"ಎಷ್ಟು ಹೊತ್ತಿನ ಕೆಲಸ?"

ಗಂಗಾಧರ ಹಲಗೆ ನೋಡಿದ. "ಈಗ ಕೂತ್ರೆ ಊಟದ ಹೊತ್ತಿಗೆ ಮುಗಿಯುತ್ತೆ."

ಉಜ್ಜನಪ್ಪ ಅರವನ್ನು ಮಗನ ಕೈಗೆ ಕೊಟ್ಟು, ಒದ್ದೆ ಇಟ್ಟಿಗೆಗಳ ಸಾಲಿನ ಪಕ್ಕ ನೆಲದ ಮೇಲೆ ಕೂತ.

"ಅಷ್ಟೇನಾ," ಎಂದ.